ಗಾಜಿನ ಓಣಿಯ ಸಾಕ್ಷಿ

ಮಾವ ಕಿಂಡಿಯೊಳಗೆ ಕಾಗದ ತೂರಿಸುವಷ್ಟರಲ್ಲಿ ಅಕ್ಕನ ಮಗಳು ಓಡಿ ಬಂದು ಅವನ ಮೊಣಕೈ ಹಿಡಿದು ಹಿಂದಕ್ಕೆಳೆದಳು.

"ಕೊಡಬೇಡ ಮಾವ! ಬಿಡು, ಬಿಡು ಅದನ್ನ."

ಕಾಗದ ಅರ್ಧ ಒಳಗಿತ್ತು, ಅರ್ಧ ಹೊರಗಿತ್ತು. ಒಳಗಿನ ಗುಮಾಸ್ತ ಒಂದು ತುದಿ ಹಿಡಿದವನು ಎಳೆಯಬೇಕೋ ಬಿಡಬೇಕೋ ತಿಳಿಯದೆ ಇಬ್ಬರ ಮುಖ ನೋಡಿದ. ಅವಳ ಅಮ್ಮ ನಿನ್ನೆ ಸಂಜೆ ತೀರಿಕೊಂಡಳೆಂದು ಡಾಕ್ಟರು ಬರೆದುಕೊಟ್ಟ ಕಾಗದ ಅದು. ವಾರ್ಡ್ ಕಚೇರಿಯ ಈ ಕಿಂಡಿಯಲ್ಲಿ ಅದನ್ನು ಕೊಟ್ಟು ಚೀಟಿ ಪಡೆದ ಮೇಲೆಯೇ ಸ್ಮಶಾನದ ಗೇಟು ತೆರೆಯುತ್ತಿತ್ತು.

"ತಲೆಗಿಲೆ ಕೆಟ್ಟಿದೆಯೇನೇ?" ಮಾವ ಗದರಿದ. "ಹನ್ನೆರಡಕ್ಕೆ ಎತ್ತೋದು ಅಂತ ಎಲ್ಲರಿಗೂ ಹೇಳಿಯಾಗಿದೆ."

"ಐದು ಗಂಟೆವರೆಗೆ ಅಮ್ಮ ಸಾಯೋ ಹಾಗಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದು ಎಂಥ ಮಾತೆಂದು ಅವಳಿಗೇ ತಿಳಿಯಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಕಂಕುಳಲ್ಲಿ ಅರ್ಜಿಗಳ ಕಟ್ಟೊಂದನ್ನು ಅವುಚಿಕೊಂಡು ನಾಲ್ಕು ಬೀದಿ ಓಡಿ ಬಂದಿದ್ದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಮ್ಮನದು. ಗುಮಾಸ್ತ ಕೈಬಿಟ್ಟ. ಮಾವ ಕಾಗದ ಮಡಿಸಿ ಜೇಬಿಗಿಟ್ಟು, ಮುಖ ಗಂಟಿಕ್ಕಿಕೊಂಡು ಅವಳ ಹಿಂದೆ ಹೊರಟ.

ಸತ್ತವಳು ಇದೇ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮತದಾರರ ಪಟ್ಟಿ ಬರೆದವಳು. ಊರು ಅವಳನ್ನು ಪಟ್ಟಿಯಮ್ಮ ಎಂದೇ ಕರೆಯುತ್ತಿತ್ತು. ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದರೂ ಆ ಚಾಳಿ ಬಿಟ್ಟಿರಲಿಲ್ಲ. ಕಳೆದ ವರ್ಷ ಹೊಸ ಕಾನೂನು ಬಂತು. ಅದುವರೆಗೆ ಮನೆ ನಂಬರಿಲ್ಲದವರಿಗೆ ಓಟಿರಲಿಲ್ಲ. ಇನ್ನು ಮೇಲೆ ನಂಬರಿಲ್ಲದಿದ್ದರೂ ಸರಿ, ಅದೇ ವಾರ್ಡಿನ ಮತದಾರರೊಬ್ಬರು 'ಇವರನ್ನು ಬಲ್ಲೆ, ಇಲ್ಲಿಯೇ ವಾಸಿಸುತ್ತಾರೆ' ಎಂದು ಸಾಕ್ಷಿ ಹಾಕಿದರೆ ಹೆಸರು ಸೇರುತ್ತದೆ. ಗಾಜಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಎರಡು ತಲೆಮಾರಿನಿಂದ ಬದುಕುತ್ತಿದ್ದವರಿಗೆ ಹೇಳಿ ಮಾಡಿಸಿದ ಕಾನೂನು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಸಾಕ್ಷಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಪಟ್ಟಿಯಮ್ಮ ತಾನೇ ಹೋದಳು. ನಾಲ್ಕು ತಿಂಗಳಲ್ಲಿ ಅರವತ್ತೆಂಟು ಅರ್ಜಿ ತುಂಬಿಸಿ, ಅರವತ್ತೆಂಟಕ್ಕೂ ಸಹಿ ಹಾಕಿದಳು.

ಹಾಕಿದವಳು ಆಗಲೇ ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ಒಬ್ಬ ಮನುಷ್ಯನನ್ನು ಕೆಲಸದ ದಿನ ಒಮ್ಮೆ, ರಜೆಯ ದಿನ ಒಮ್ಮೆ ಅವನ ಬಾಗಿಲಲ್ಲೇ ಕಾಣದೆ ಹೆಸರು ಸೇರಿಸಬಾರದು ಎನ್ನುವುದು ಅವಳ ಪಾಠ. ಎಳೆಯ ಗುಮಾಸ್ತರಿಗೆಲ್ಲ ಅದನ್ನೇ ಕಲಿಸಿದ್ದಳು. ಎರಡನೆಯ ಸುತ್ತು ನಿನ್ನೆ ಭಾನುವಾರ ಮುಗಿಯಿತು. ಮನೆಗೆ ಬಂದು, ಅರ್ಜಿಗಳ ಕಟ್ಟಿಗೆ ದಾರ ಸುತ್ತಿ ಮೇಜಿನ ಮೇಲಿಟ್ಟು, ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ಅರ್ಜಿ ಕೊಡಲು ಕೊನೆಯ ದಿನ ಇವತ್ತು, ಸಂಜೆ ಐದು ಗಂಟೆ. ಓಣಿಯಿಂದ ಗಾಜು ಆರಿಸುವ ಹೆಂಗಸು ಬಂದು ಹೆಣದ ಮುಂದೆ ಅತ್ತು, ಅಳುತ್ತಲೇ "ನಮ್ಮ ಅರ್ಜಿ ಕೊಟ್ಟಿದ್ದರಾ?" ಎಂದು ಕೇಳುವವರೆಗೆ ಮಗಳಿಗೆ ಇದೊಂದೂ ಗೊತ್ತಿರಲಿಲ್ಲ.

ಪಟ್ಟಿಯ ಕಿಂಡಿ ಸಾವಿನ ಕಿಂಡಿಯ ಪಕ್ಕದಲ್ಲೇ ಇತ್ತು. ಅಲ್ಲಿದ್ದ ಗುಮಾಸ್ತೆ ಪಟ್ಟಿಯಮ್ಮನ ಕೈಕೆಳಗೆ ಕಲಿತವಳು. ಅವಳ ಕಣ್ಣೂ ಊದಿಕೊಂಡಿತ್ತು.

"ನೀವು ಅಲ್ಲಿ ಕಾಗದ ಕೊಟ್ಟರೆ ಆ ಕಿಂಡಿಯ ಚೀಟಿ ಒಂದು ಗಂಟೆಯೊಳಗೆ ನನ್ನ ಕೈಗೆ ಬರುತ್ತೆ," ಎಂದಳು ದನಿ ತಗ್ಗಿಸಿ. "ಬಂದ ತಕ್ಷಣ ಹೆಸರು ತೆಗೀಬೇಕು. ಸಾಕ್ಷಿಯ ಹೆಸರೇ ಹೋದರೆ ಅರವತ್ತೆಂಟೂ ರದ್ದು. ಈ ಒಂದು ಗಂಟೆಯ ಏರ್ಪಾಡು ಮಾಡಿದ್ದೂ ಮೇಡಮ್ಮೇ. ಹಿಂದೆ ಒಂದು ಚುನಾವಣೇಲಿ ಸತ್ತವರು ನಲವತ್ತೊಂದು ಜನ ಬಂದು ಓಟು ಹಾಕಿ ಹೋಗಿದ್ದರಂತೆ."

ಮಾವ ಸುತ್ತ ನೋಡಿದ. "ಹಾಗಾದರೆ ಕಟ್ಟನ್ನ ಈಗಲೇ ಕೊಟ್ಟುಬಿಡೋಣ. ಒಂದು ಗಳಿಗೆ ಬಿಟ್ಟು ನಾನು ಈ ಕಾಗದ ಕೊಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ ಸಾರ್. ನಿನ್ನೆ ಸಂಜೆಯಿಂದ ಊರಿಗೇ ಗೊತ್ತು. ನಾಳೆ ಯಾರಾದರೂ ತಕರಾರು ತೆಗೆದರೆ ಸತ್ತವಳ ಸಾಕ್ಷಿ ತಂದರು ಅಂತ ಇಡೀ ಓಣಿಯನ್ನೇ ಕಳ್ಳರು ಅಂತಾರೆ. ಆಮೇಲೆ ಯಾವ ಕಾನೂನೂ ಅವರನ್ನ ಎತ್ತಲ್ಲ." ಅವಳು ಕಿಂಡಿಯ ಹತ್ತಿರಕ್ಕೆ ಬಾಗಿದಳು. "ಒಂದು ದಾರಿ ಇದೆ. ಮೇಡಮ್ ಹೆಸರು ಪಟ್ಟಿಯಲ್ಲಿ ಇರೋವಾಗಲೇ ಬೇರೆಯವರು ಬಂದು ಸಾಕ್ಷಿ ಬದಲಾಯಿಸಬಹುದು. ಈ ವಾರ್ಡಿನವರೇ ಆಗಬೇಕು. ಒಬ್ಬೊಬ್ಬರನ್ನೂ ಗುರುತು ಹಿಡಿದು ನನ್ನೆದುರು ಹೇಳಬೇಕು. ನೀವು ಹಾಕ್ತೀರಾ?"

"ನನ್ನ ಓಟು ಬೇರೆ ಊರಲ್ಲಿದೆ," ಎಂದಳು ಮಗಳು.

ಇಬ್ಬರೂ ಮಾವನ ಕಡೆ ನೋಡಿದರು. ಮಾವ ಇದೇ ವಾರ್ಡಿನ ಮತದಾರ, ಗಾಜಿನ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲು ಕಾದವನು. ಆ ಓಣಿಯ ಜನ ದಿನಕ್ಕೆ ಎರಡು ಸಲ ಅವನ ಮೂಗಿನ ಮುಂದೆಯೇ ಹಾದುಹೋಗಿದ್ದರು.

"ಅಕ್ಕನ ಹೆಣ ಮನೇಲಿದೆ," ಎಂದ ಮಾವ. "ಊರ ಉಸಾಬರಿ ಆಮೇಲೆ." ಎಂದವನು ಚೀಟಿಯನ್ನೂ ಕೇಳದೆ ಹೊರಟೇಬಿಟ್ಟ.

*

ಅಕ್ಕನಿಗೆ ಒಂಬತ್ತು, ತಮ್ಮನಿಗೆ ಐದು ವರ್ಷವಾಗಿದ್ದಾಗ ಹೆಂಗಸರಿಗೂ ಓಟು ಬಂತು. ಅದಕ್ಕೆ ಮೊದಲು ಗಂಡಸರಿಗಷ್ಟೇ ಇತ್ತು. ಅದಕ್ಕೂ ಮೊದಲು ಸ್ವಂತ ಮನೆಯಿದ್ದ ಗಂಡಸರಿಗಷ್ಟೇ. ಅವರ ತಾಯಿ ಹಿಂದಿನ ದಿನವೇ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿಟ್ಟು, ಬೆಳಿಗ್ಗೆ ಮಕ್ಕಳಿಬ್ಬರ ಕೈಹಿಡಿದು ಮತಗಟ್ಟೆಗೆ ಹೋಗಿ ಎರಡು ಗಂಟೆ ಸಾಲಿನಲ್ಲಿ ನಿಂತಳು. ಮೇಜಿನ ಹಿಂದೆ ಕೂತವನು ಬೆರಳಿಟ್ಟು ಹುಡುಕಿದ. ಅವಳ ಹೆಸರು ಸಿಗಲಿಲ್ಲ. 'ಬಡಗಿಯ ಹೆಂಡತಿ' ಎಂದಿತ್ತು. ಬರೆದುಕೊಳ್ಳಲು ಮನೆಗೆ ಬಂದವನು ಬಾಗಿಲಲ್ಲಿ ಗಂಡನನ್ನು ಕೇಳಿಕೊಂಡು ಹೋಗಿದ್ದ. ಒಳಗೆ ಒಬ್ಬಳಿದ್ದಾಳೆ, ಅವಳಿಗೂ ಒಂದು ಹೆಸರಿರುತ್ತದೆ ಎಂದು ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಆ ಬೀದಿಯಲ್ಲಿ ಬಡಗಿಗಳು ಮೂವರಿದ್ದರು.

"ಇದು ನೀವೇ ಅನ್ನೋದಕ್ಕೆ ಏನು ಗುರುತು?"

"ನಾನೇ ಕಣಪ್ಪ. ಬೇಕಾದರೆ ಈ ಮಕ್ಕಳನ್ನ ಕೇಳು."

ಸಾಲು ನಕ್ಕಿತು. ಮೇಜಿನವನಿಗೂ ತಮಾಷೆಯೆನಿಸಿ ಚಿಕ್ಕವನನ್ನು ಕೇಳಿದ: "ಏನೋ, ಇವರ ಹೆಸರೇನು?"

"ಅಮ್ಮ," ಎಂದ ತಮ್ಮ.

ಸಾಲು ಇನ್ನೂ ಜೋರಾಗಿ ನಕ್ಕಿತು. ತಾಯಿ ಇಬ್ಬರನ್ನೂ ಕರೆದುಕೊಂಡು ಮನೆಗೆ ಬಂದು, ಬಟ್ಟೆ ಬದಲಿಸಿ ಕೆಲಸಕ್ಕೆ ಕೂತಳು. ಮುಂದಿನ ಸಲ ಗಂಡ ಕರೆದಾಗ ಹೋಗಲಿಲ್ಲ. ಅದರ ಮುಂದಿನ ಸಲಕ್ಕೆ ಅವಳಿರಲಿಲ್ಲ. ಆ ದಿನದ ನಗು ಅಕ್ಕನಿಗೆ ಸಿಟ್ಟು ಕಲಿಸಿತು, ತಮ್ಮನಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿತು.

*

ಮನೆಯ ಮುಂದೆ ಕಾರ್ಖಾನೆಯ ವ್ಯಾನು ನಿಂತಿತ್ತು. ಹೆಣದ ಪಕ್ಕದ ಕುರ್ಚಿಯಲ್ಲಿ ಕಾರ್ಖಾನೆಯ ಮ್ಯಾನೇಜರು ಕೂತಿದ್ದ. ದೊಡ್ಡ ಹಾರ ತಂದಿದ್ದ. ಪಟ್ಟಿಯಮ್ಮ ಬದುಕಿದ್ದಾಗ ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದವನು ಈಗ ಬಲು ಭಕ್ತಿಯಿಂದ ಅವಳ ಕಾಲಿನ ಕಡೆ ಕೂತಿದ್ದ.

"ವ್ಯಾನು ನಿಮಗೇ ಅಂತ ತಂದಿದೀನಿ," ಎಂದ ಮಾವನಿಗೆ. "ಎಲ್ಲಿ, ಚೀಟಿ ಸಿಕ್ತಾ?"

"ಸ್ವಲ್ಪ ತಡ ಆಗುತ್ತೆ," ಎಂದಳು ಮಗಳು. ಅವಳ ಕಂಕುಳಲ್ಲಿದ್ದ ಕಟ್ಟನ್ನು ಮ್ಯಾನೇಜರು ನೋಡಿದ. ಬಾಗಿಲಲ್ಲಿ ನಿಂತಿದ್ದ ಗಾಜು ಆರಿಸುವ ಹೆಂಗಸನ್ನೂ ನೋಡಿದ. ಬುದ್ಧಿವಂತ, ಬೇರೆ ವಿವರಣೆ ಬೇಕಾಗಲಿಲ್ಲ. ಓಣಿಯವರ ಹೆಸರು ಪಟ್ಟಿಗೆ ಸೇರಿದರೆ ನಾಳೆ ನೀರು ಕೇಳುತ್ತಾರೆ, ನಾಡಿದ್ದು ಮನೆ ನಂಬರು ಕೇಳುತ್ತಾರೆ. ಆಮೇಲೆ ಆ ಜಾಗಕ್ಕೆ ಕಾರ್ಖಾನೆಯ ಬೇಲಿ ಹಾಕುವುದು ಕನಸಿನ ಮಾತು.

"ನೋಡಮ್ಮ, ಹಿರಿಯರ ಮೇಲೆ ಗೌರವ ಇದೆ," ಎಂದ. "ಆದರೆ ಅವರಿಗೆ ವಯಸ್ಸಾಗಿತ್ತು. ಆ ಓಣಿಯಲ್ಲಿ ಖಾಯಂ ಅಂತ ಯಾರಿದ್ದಾರೆ? ಬರ್ತಾರೆ, ಹೋಗ್ತಾರೆ. ನಿಮ್ಮ ಮಾವನನ್ನೇ ಕೇಳಿ. ಏನು ಯಜಮಾನರೇ?"

ಕೂತಿದ್ದ ಹತ್ತು ಹದಿನೈದು ಮಂದಿ ಅವನ ಕಡೆ ತಿರುಗಿದರು. ಮಾವ ನೆಲ ನೋಡುತ್ತಿದ್ದ.

"ಬರ್ತಾರೆ, ಹೋಗ್ತಾರೆ," ಎಂದ ಕೊನೆಗೆ.

"ಎಲ್ಲಿಗೆ ಹೋಗ್ತೀವಣ್ಣ?" ಬಾಗಿಲಲ್ಲಿದ್ದ ಹೆಂಗಸು ಕೇಳಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. "ನಮ್ಮಪ್ಪನ ಕೈಮೇಲೆ ಕಾದ ಗಾಜು ಬಿದ್ದಾಗ ಗೇಟಿನ ಕೋಣೇಲಿ ಕೂರಿಸಿಕೊಂಡು ನೀರು ಹುಯ್ದಿದ್ದು ನೀವೇ ಅಲ್ವಾ? ಆಗ ನನಗೆ ಆರು ವರ್ಷ. ಈಗ ಮೂವತ್ತೆಂಟು. ನಡುವೆ ನಾನು ಎಲ್ಲಿಗೆ ಹೋಗಿದ್ದೆ?"

ಮ್ಯಾನೇಜರು ಎದ್ದು ಮಾವನ ಹೆಗಲ ಮೇಲೆ ಕೈಯಿಟ್ಟ. "ಉಂಡ ಮನೆ ಜಂತೆ ಎಣಿಸೋರಲ್ಲ ನೀವು. ನಿವೃತ್ತಿಯಾದ ಮೇಲೂ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡಿದೀವಿ. ಬೇಗ ಚೀಟಿ ತನ್ನಿ. ವ್ಯಾನು ಎರಡು ಗಂಟೆವರೆಗೆ ಇರುತ್ತೆ."

ಮಾವ ಹೆಗಲ ಮೇಲಿನ ಕೈ ತಾನಾಗಿಯೇ ಹೋಗುವವರೆಗೆ ಅಲ್ಲಾಡದೆ ನಿಂತಿದ್ದು, ಆಮೇಲೆ ಅಡುಗೆಮನೆಗೆ ಹೋದ.

*

ನಾಲ್ಕು ತಿಂಗಳ ಹಿಂದೆ ಇದೇ ಅಡುಗೆಮನೆಯಲ್ಲಿ ಅಕ್ಕ ತಮ್ಮನ ಮುಂದೆ ಖಾಲಿ ಅರ್ಜಿಗಳನ್ನು ಹರಡಿದ್ದಳು.

"ಆ ಓಣಿಗೆ ನಾನು ಹೊರಗಿನವಳು. ನಾನು ಹೇಳೋದಕ್ಕಿಂತ ನೀನು ಹೇಳಿದರೆ ತೂಕ ಜಾಸ್ತಿ. ಇಬ್ಬರೂ ಹಂಚಿಕೊಂಡು ಹಾಕೋಣ ಕಣೋ."

"ಕ್ವಾರ್ಟರ್ಸ್ ಹೋಗುತ್ತೆ ಅಕ್ಕ. ಮನೆಯವಳಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಈ ವಯಸ್ಸಲ್ಲಿ ಮನೆ ಹುಡುಕಿಕೊಂಡು ಎಲ್ಲಿಗೆ ಹೋಗಲಿ?"

"ನನ್ನ ಮನೆಗೆ ಬನ್ನಿ."

"ನಿನಗೆ ಎಲ್ಲಾ ಸುಲಭ." ಆಮೇಲೆ ಅವನಿಗೊಂದು ನೆಪ ಸಿಕ್ಕಿತು. ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು. "ನನಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ ಅಕ್ಕ, ನಿಜವಾಗಲೂ. ಗೇಟಲ್ಲಿ ಹೆಸರು ಯಾರು ಕೇಳ್ತಾರೆ? ಟೋಕನ್ ನಂಬರು ಹೇಳು, ಮುಖ ಹೇಳ್ತೀನಿ. ಹೆಸರು ಕೇಳಿದರೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಾಕ್ಷಿ ಹಾಕು ಅಂತೀಯಾ, ನೀನು?"

ಅಕ್ಕ ಅರ್ಜಿಗಳನ್ನು ಜೋಡಿಸಿ ಎತ್ತಿಟ್ಟಳು. "ನಮ್ಮಮ್ಮನ್ನ ಮನೆಗೆ ಕಳಿಸಿದವನೂ ಗೊತ್ತಿಲ್ಲ ಅಂತಲೇ ಹೇಳಿದ್ದು," ಎಂದಳು. ಅವನು ಅರ್ಧ ಕುಡಿದ ಲೋಟ ಬಿಟ್ಟು ಎದ್ದುಹೋದ. ಆಮೇಲೆ ಅವಳು ಎರಡು ಸಲ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮುಂದಿನ ವಾರ ಮಾಡಿದರಾಯಿತು ಎಂದುಕೊಳ್ಳುತ್ತಲೇ ನಾಲ್ಕು ತಿಂಗಳು ಕಳೆದವು.

*

ಮಗಳು ಅಡುಗೆಮನೆಗೆ ಬಂದಾಗ ಮಾವ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಅವಳು ನಲ್ಲಿ ನಿಲ್ಲಿಸಿದಳು.

"ಹೋಗಲಿ ಬಿಡು ಮಾವ," ಎಂದಳು. ಅವಳಿಗೂ ಸಾಕಾಗಿತ್ತು. ರಾತ್ರಿಯಿಂದ ಒಂದು ತುತ್ತು ತಿಂದಿರಲಿಲ್ಲ. ಅಮ್ಮನಿಗಾಗಿ ಕೂತು ಅಳಲೂ ಈ ಕಟ್ಟು ಬಿಟ್ಟಿರಲಿಲ್ಲ. "ಅತ್ತೆಗೆ ಮಂಡಿ ನೋವು. ನಿನ್ನನ್ನ ಬೀದಿಗೆ ಹಾಕಿ ನಾನು ಯಾರನ್ನೋ ಉದ್ಧಾರ ಮಾಡಬೇಕಾಗಿಲ್ಲ. ಚೀಟಿ ತಗೊಂಡು ಬಾ, ಎತ್ತೋಣ. ಅವರಿಗೆ ನಾನೇ ಹೇಳ್ತೀನಿ."

ಕಟ್ಟನ್ನು ಒಲೆಯ ಪಕ್ಕ ಇಟ್ಟಳು. ದಾರ ಆಗಲೇ ಸಡಿಲವಾಗಿತ್ತು. ಮೇಲಿನ ಹಾಳೆ ನೋಡಿ ಅವಳೇ ಕೇಳಿದಳು: "ಈ ಮೂಲೇಲಿ ಪೆನ್ಸಿಲಲ್ಲಿ ಏನೋ ನಂಬರು ಬರೆದಿದಾಳೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಇದೆ. ಅರ್ಜಿಗೂ ಇದಕ್ಕೂ ಏನು ಸಂಬಂಧ?"

ಮಾವ ಬಗ್ಗಿ ನೋಡಿದ. ನಲವತ್ತೊಂದು. ಹಾಳೆ ಸರಿಸಿದ. ನೂರ ಏಳು. ಅದರ ಕೆಳಗಿನದು ಹನ್ನೆರಡು, ಅದರ ಕೆಳಗೆ ಎಂಬತ್ತಾರು. ಒಂದೊಂದು ನಂಬರಿಗೂ ಒಂದೊಂದು ಮುಖ ಎದ್ದು ಬಂತು: ಕುಂಟುತ್ತ ಬರುವವನು, ದಿನಾ ತಡವಾಗಿ ಬಂದು ಕೈಮುಗಿಯುವವಳು, ಕೆಮ್ಮುವವನು. ಪ್ರತಿ ನಂಬರಿನ ಮುಂದೆ ಅಕ್ಕನ ದುಂಡು ಅಕ್ಷರದಲ್ಲಿ ಅವರ ಹೆಸರು. ಎರಡನೆಯ ಸುತ್ತಿನಲ್ಲಿ ಮನೆ ಮನೆಗೆ ಹೋದವಳು ಟೋಕನ್ ಇದ್ದವರನ್ನೆಲ್ಲ ನಂಬರು ಕೇಳಿ ಬರೆದುಕೊಂಡಿದ್ದಳು. ಕಚೇರಿಗೆ ಆ ನಂಬರು ಬೇಕಿರಲಿಲ್ಲ. ಬೇಕಿದ್ದವನು ಜಗತ್ತಿನಲ್ಲಿ ಒಬ್ಬನೇ.

ಮಾವ ಅತ್ತ. ಹೆಣದ ಮುಂದೆ ಅಳದಿದ್ದವನು ಒಲೆಯ ಕಟ್ಟೆಗೆ ಎರಡೂ ಕೈ ಊರಿಕೊಂಡು, ಚಿಕ್ಕ ಮಕ್ಕಳ ಹಾಗೆ ಸದ್ದು ಮಾಡಿ ಅತ್ತ. ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡ.

"ಗಂಟೆ ಎಷ್ಟು?"

"ಎರಡು ಹತ್ತು."

"ಆ ಹೆಂಗಸಿಗೆ ಹೇಳು, ಎಲ್ಲರನ್ನೂ ಕಚೇರಿಗೆ ಕರೆತರಲಿ. ಕೆಲಸದಲ್ಲಿದ್ದವರೂ ಬರಲಿ. ಗೇಟಲ್ಲಿ ಯಾರಾದರೂ ತಡೆದರೆ ನನ್ನ ಹೆಸರು ಹೇಳಲಿ."

ಹೊರಗೆ ವ್ಯಾನು ಹೊರಟುಹೋಗಿತ್ತು. ಹಾರ ಮಾತ್ರ ಉಳಿದಿತ್ತು.

*

ಒಂದು ಅರ್ಜಿಗೆ ಎರಡು ನಿಮಿಷ. ಅರವತ್ತೆಂಟಕ್ಕೆ ಎಷ್ಟಾಯಿತೆಂದು ಗುಮಾಸ್ತೆ ಬಾಯಲ್ಲೇ ಲೆಕ್ಕ ಹಾಕಿ ಗೋಡೆಯ ಗಡಿಯಾರ ನೋಡಿದಳು. ಎರಡೂಮುಕ್ಕಾಲು. ಓಣಿಯ ಜನ ಕಾರಿಡಾರಿನಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೆಲವರ ತೋಳಿನ ಮೇಲೆ ಗಾಜಿನ ಪುಡಿ ಇನ್ನೂ ಮಿನುಗುತ್ತಿತ್ತು.

"ಹಳೇ ಸಹಿಯ ಮೇಲೆ ಒಂದೇ ಗೆರೆ ಎಳೀಬೇಕು ಸಾರ್," ಎಂದಳು ಗುಮಾಸ್ತೆ. "ಗೀಚಬಾರದು. ಕೆಳಗೆ ಏನಿತ್ತು ಅಂತ ಓದೋಕೆ ಬರಬೇಕು. ಅದರ ಪಕ್ಕದಲ್ಲಿ ನಿಮ್ಮ ಪೂರ್ತಿ ಹೆಸರು, ತಂದೆ ಹೆಸರು, ಸಹಿ, ತಾರೀಖು."

ಮಾವ ಮೊದಲ ಹಾಳೆಯ ಮೇಲೆ ಪೆನ್ನಿಟ್ಟ. ಅಕ್ಕನ ಸಹಿಯ ಮೊದಲಕ್ಷರದ ಹತ್ತಿರ ಅದು ನಿಂತಿತು. ಆಮೇಲೆ ಅವನು ಗೆರೆ ಎಳೆದ.

"ಇವರನ್ನು ಬಲ್ಲಿರಾ?"

"ಬಲ್ಲೆ. ನಲವತ್ತೊಂದು." ಕಣ್ಣು ಕೆಳಗಿಳಿಸಿ ಹೆಸರನ್ನು ಓದಿದ. ಎದುರು ನಿಂತಿದ್ದ ಗಾಜು ಆರಿಸುವ ಹೆಂಗಸು ತಲೆಯಾಡಿಸಿದಳು. "ಮೂವತ್ತೆರಡು ವರ್ಷದಿಂದ ಇಲ್ಲೇ ಇದಾಳೆ. ಎಲ್ಲಿಗೂ ಹೋಗಿಲ್ಲ."

ಇಪ್ಪತ್ತನೆಯ ಹಾಳೆಗೆ ಜೇಬಿನ ಫೋನು ಹೊಡೆದುಕೊಂಡಿತು. ಮ್ಯಾನೇಜರು. ಮಾವ ಅದನ್ನು ತೆಗೆದು ಮಗಳ ಕೈಗೆ ಕೊಟ್ಟ. ಅದು ಮತ್ತೆ ಮತ್ತೆ ಬಡಿದುಕೊಂಡು ಸುಸ್ತಾಗಿ ಸುಮ್ಮನಾಯಿತು. ಮೂವತ್ತೈದಕ್ಕೆ ಅವನು ಪೆನ್ನು ಕೆಳಗಿಟ್ಟು ಬೆರಳು ನೀವಿಕೊಂಡ. ಗುಮಾಸ್ತೆ ನೀರು ಕೊಟ್ಟಳು. ಐವತ್ತಕ್ಕೆ ಸಹಿ ಸೊಟ್ಟಗಾಯಿತು, ಆದರೂ ಅವನದೇ ಸಹಿ. ಅವಳು ಮೊದಲ ಸಹಿಯ ಜೊತೆ ಹೋಲಿಸಿ ನೋಡಿ, ಆಗಬಹುದು ಎಂದಳು. ಗಂಟೆ ನಾಲ್ಕೂಕಾಲು. ಪಕ್ಕದ ಕಿಂಡಿಯ ಗುಮಾಸ್ತ ತನ್ನ ಮೇಜಿನ ಕಾಗದಗಳನ್ನು ಜೋಡಿಸಲು ಶುರುಮಾಡಿದ್ದ.

"ಇವತ್ತು ಚೀಟಿ ಬೇಕು ಅಂದಿದ್ರಲ್ಲ," ಎಂದು ಮಗಳನ್ನು ಕೇಳಿದ. "ಐದಕ್ಕೆ ನಾನು ಮುಚ್ಚಲೇಬೇಕು. ಇಲ್ಲಾಂದ್ರೆ ನಾಳೆಗೆ."

"ಮುಗೀತು ಅಣ್ಣ, ಈಗ ಮುಗೀತು," ಎಂದಳು. ಹದಿನೆಂಟು ಉಳಿದಿದ್ದವು. ಅಮ್ಮ ಇನ್ನೊಂದು ರಾತ್ರಿ ಮನೆಯಲ್ಲಿ ಹಾಗೆಯೇ ಮಲಗಿರಬೇಕಾದೀತೆಂದು ಮುಂದಿನ ಹಾಳೆಯನ್ನು ತಾನೇ ಎತ್ತಿ ಮಾವನ ಮುಂದಿಟ್ಟಳು.

ಅರವತ್ತೇಳನೆಯದು, ತೊಂಬತ್ತಮೂರು. ಕೊನೆಯವಳು ಹಣ್ಣು ಮುದುಕಿ. ಅವಳ ಟೋಕನ್ನು ರದ್ದಾಗಿ ಹದಿನೈದು ವರ್ಷವಾಗಿತ್ತು. ಹಾಳೆಯ ಮೂಲೆಯಲ್ಲಿ ನಂಬರಿರಲಿಲ್ಲ. ಮಾವ ತಲೆಯೆತ್ತಿ ಅವಳ ಮುಖ ನೋಡಿದ.

"ಇವರನ್ನು ಬಲ್ಲಿರಾ?"

ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷವಿತ್ತು. ಮುದುಕಿ ನೆರವಾಗಲೆಂದು ತಾನೇ ಬಾಯಿ ತೆರೆದಳು. ಗುಮಾಸ್ತೆ ಕೈಯೆತ್ತಿ ತಡೆದಳು.

"ನೀವು ಹೇಳೋ ಹಾಗಿಲ್ಲಮ್ಮ. ಸಾಕ್ಷಿಯೇ ಹೇಳಬೇಕು."

"ಬಲ್ಲೆ," ಎಂದ ಮಾವ ನಿಧಾನವಾಗಿ. "ಕುಲುಮೆ ಬೂದಿ ಹೊರೋಳು. ನಾನು ಕೆಲಸಕ್ಕೆ ಸೇರಿದ ದಿನ ಗೇಟು ಯಾವ ಕಡೆಗೆ ತೆರೆಯುತ್ತೆ ಅಂತ ನನಗೆ ತೋರಿಸಿಕೊಟ್ಟೋಳು." ಹಾಳೆ ನೋಡಿ ಅವಳ ಹೆಸರನ್ನು ಜೋರಾಗಿ ಓದಿದ. ಮುದುಕಿ "ಹೂಂ" ಎಂದಳು, ಹಾಜರಿ ಕರೆದಾಗ ಹೇಳುವ ಹಾಗೆ.

ಗೆರೆ, ಹೆಸರು, ಸಹಿ, ತಾರೀಖು. ಗುಮಾಸ್ತೆ ಕೊನೆಯ ಮುದ್ರೆ ಒತ್ತಿ ಕಟ್ಟನ್ನು ಒಳಗೆಳೆದುಕೊಂಡಳು. ಮಗಳು ಮಾವನನ್ನು ತೋಳು ಹಿಡಿದು ಪಕ್ಕದ ಕಿಂಡಿಗೆ ಎಳೆದೊಯ್ದಳು. ಗುಮಾಸ್ತ ಕಿಂಡಿಯ ಬಾಗಿಲಿನ ಮೇಲೆ ಆಗಲೇ ಕೈಯಿಟ್ಟಿದ್ದ. ಮಾವನ ಜೇಬಿನಿಂದ ಡಾಕ್ಟರ ಕಾಗದವನ್ನು ಅವಳೇ ತೆಗೆದು ಒಳಗೆ ತೂರಿಸಿದಳು. ಗುಮಾಸ್ತ ಬೇಗ ಬೇಗ ಬರೆದುಕೊಂಡು ದೊಡ್ಡ ಪುಸ್ತಕವನ್ನು ಈಚೆಗೆ ತಿರುಗಿಸಿದ.

"ತೀರಿಕೊಂಡವರಿಗೆ ನೀವೇನಾಗಬೇಕು?"

"ತಮ್ಮ."

"ಇಲ್ಲಿ ಸಹಿ ಮಾಡಿ."

ಮಾವ ಪೆನ್ನು ತೆಗೆದುಕೊಂಡ. ಅದು ಬಿತ್ತು. ಎತ್ತಿ ಮತ್ತೆ ಹಿಡಿದ. ಮತ್ತೆ ಬಿತ್ತು. ಬೆರಳುಗಳು ಮಡಿಚಿಕೊಂಡು ಗಟ್ಟಿಯಾಗಿದ್ದವು. ಎಡಗೈಯಿಂದ ಬಿಡಿಸಿದರೂ ಬಿಡಲಿಲ್ಲ.

"ಬರ್ತಿಲ್ಲ," ಎಂದ.

ಗುಮಾಸ್ತ ಗಡಿಯಾರ ನೋಡಿದ. ಕಾರಿಡಾರಿನಲ್ಲಿ ನಿಂತಿದ್ದ ಜನರನ್ನು ನೋಡಿದ. ಒಬ್ಬರೂ ಮನೆಗೆ ಹೋಗಿರಲಿಲ್ಲ. ಅವನು ಮೇಜಿನ ಒಳಗಿನಿಂದ ಶಾಯಿಯ ಪ್ಯಾಡು ತೆಗೆದು, ಮುಚ್ಚಳ ಬಿಚ್ಚಿ ಮುಂದೆ ತಳ್ಳಿದ. ಮಾವ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಪುಸ್ತಕದಲ್ಲಿ ಅಕ್ಕನ ಹೆಸರಿನ ಎದುರು ಒತ್ತಿದ.

"ಸಾಕು, ಯಜಮಾನರೇ," ಎಂದ ಗುಮಾಸ್ತ. "ಬಿದ್ದಿದೆ."

ಮಾವ ಬೆರಳು ಎತ್ತಲಿಲ್ಲ.